ಐಬು ಹೇಳಿ ಮಾರುತ್ತಿದ್ದ ಮತ್ಯಾಕೂಬ್

ನಮ್ಮ ಓಣಿಯ ಮತ್ಯಾಕೂಬ್ ದನದ ಸಂತೆಯ ದಲ್ಲಾಳಿ. ಮೊಣಕಾಲು ಕೈಕೊಟ್ಟು ಈಗ ಮನೆ ಹಿಡಿದಿದ್ದಾನೆ, ಆದರೆ ಕಸುಬು ಮೈ ಬಿಟ್ಟು ಹೋಗಿಲ್ಲ. ಸಲಾಂ ಹೇಳಿ ಕೈ ಕೊಟ್ಟಿರೋ, ಕೆಟ್ಟಿರಿ. ಕೊಳ್ಳುವವನ ಕೈಯನ್ನು ಮಾರುವವನ ಕೈಯಲ್ಲಿಟ್ಟು, ವ್ಯಾಪಾರ ಕುದುರುವ ತನಕ ಬಿಡದೆ ಕುಲುಕಿದ ಅಭ್ಯಾಸ ಅದು. ನನ್ನ ಬಲಭುಜ ಒಂದಿಷ್ಟು ಇಳಿದಿದ್ದರೆ ಅದಕ್ಕೆ ಅವನೇ ಕಾರಣ ಎಂದು ನನ್ನ ಹೆಂಡತಿ ಹೇಳುತ್ತಾಳೆ.

ನಾನು ರೋಜಿಮತ್. ಖೀವಾ ಪಟ್ಟಣದ ಒಳಕೋಟೆಯಲ್ಲಿ ಕುರಿಯ ತುಪ್ಪಳದ ಟೋಪಿ ಹೊಲಿದು ಮಾರುವವನು. ಮಾರುವವನು ಎಂದೆ, ನಿಜ ಹೇಳಬೇಕೆಂದರೆ ಫೋಟೋಕ್ಕೆ ಟೋಪಿ ಕೊಡುವವನು. ಬಂದ ಪ್ರವಾಸಿಗರೆಲ್ಲ ಟೋಪಿಯನ್ನು ತಲೆಗೆ ಏರಿಸಿ, ಹಲ್ಲು ಕಿರಿದು, ಫೋನಿನಲ್ಲಿ ಫೋಟೋ ಹೊಡೆದು, ಬೆವರಿನ ಸಮೇತ ಅದನ್ನು ವಾಪಸು ಇಟ್ಟು ಹೋಗುತ್ತಾರೆ. ಫೋನು ಕಂಡರೆ ನನಗೆ ಮೈಯೆಲ್ಲ ಉರಿ. ಮುಂದೆ ಎಲ್ಲಾದರೂ ಸಿಡುಕಿದರೆ ತಪ್ಪು ತಿಳಿಯಬೇಡಿ ಎಂದು ಇದನ್ನು ಮೊದಲೇ ಹೇಳಿಬಿಟ್ಟೆ.

ಮತ್ಯಾಕೂಬ್ ಸಂತೆಯಲ್ಲಿ ಹೆಸರು ಮಾಡಿದ್ದು ಹೊಗಳಿ ಅಲ್ಲ. ಬೇರೆ ದಲ್ಲಾಳಿಗಳು ಬಡಕಲು ಹಸುವಿನ ಬಾಲ ಹಿಡಿದುಕೊಂಡು ಅದು ಸ್ವರ್ಗದಿಂದ ಇಳಿದು ಬಂತು ಎಂದು ಗಂಟಲು ಹರಿದುಕೊಳ್ಳುತ್ತಿದ್ದಾಗ, ಇವನು ಕೊಳ್ಳುವವನ ಕಿವಿಗೆ ಬಾಯಿ ಹಚ್ಚಿ ಹೇಳುತ್ತಿದ್ದ:

"ನೋಡಪ್ಪಾ, ಈ ಹಸು ಒದೆಯುತ್ತೆ. ಎಡಗಡೆ ಕೂತ್ರೆ ಹಲ್ಲು ಉದುರುತ್ತೆ. ಬಲಗಡೆ ಕೂತು ಕರ್ಕೋ, ಬಕೆಟ್ ಸಾಲಲ್ಲ."

ಒದೆಯುತ್ತೆ ಎಂಬ ಮಾತನ್ನು ನಂಬಿದವನು ಬಕೆಟ್ಟಿನ ಮಾತನ್ನೂ ನಂಬುತ್ತಿದ್ದ. ಇದೆಂಥ ವ್ಯಾಪಾರವೋ ಮಾರಾಯಾ ಎಂದು ನಾನು ಕೇಳಿದ್ದೆ. "ಐಬೇ ಇಲ್ಲ ಅಂದ್ರೆ ಜನ ಕೊಂಬಿಂದ ಗೊರಸಿನ ತನಕ ಹುಡುಕ್ತಾರೆ ಕಣೋ," ಎಂದಿದ್ದ. "ಒಂದನ್ನ ನಾವೇ ಕೈಗೆ ಕೊಟ್ಟುಬಿಟ್ರೆ ಅದನ್ನೇ ಹಿಡ್ಕೊಂಡು ಸುಮ್ನಾಗ್ತಾರೆ." ಎರಡು ಐಬಿದ್ದಾಗ ಸಣ್ಣದನ್ನು ಮಾತ್ರ ಹೇಳುತ್ತಿದ್ದ ಎಂಬುದು ನನ್ನ ಗುಮಾನಿ. ಅವನು ಒಪ್ಪುವುದಿಲ್ಲ.

ಮೊಣಕಾಲು ಹೋದ ಮೇಲೆ ಅವನು ತಂಗಿ ಅನಾಜಾನಳ ಅಂಗಳದಲ್ಲಿ ಬಂದು ಕೂತ. ಗಂಡ ತೀರಿಕೊಂಡ ಮೇಲೆ ಅನಾಜಾನ್ ಮಗಳನ್ನು ಜೊತೆಗಿಟ್ಟುಕೊಂಡು ಮನೆಯ ಅಂಗಳದಲ್ಲೇ, ಹಿಪ್ಪುನೇರಳೆ ಮರದ ಕೆಳಗೆ ನಾಲ್ಕಾರು ಮಂಚ ಹಾಕಿ, ಊಟ ಮಾರುತ್ತಿದ್ದಳು. ಅವಳ ಕೈಯ ಬರಾಕ್ ಈ ಕೋಟೆಯಲ್ಲೇ ಇನ್ನೊಬ್ಬರಿಗೆ ಬರುವುದಿಲ್ಲ. ತೆಳ್ಳನೆಯ ಹಿಟ್ಟಿನ ಚೀಲಕ್ಕೆ ಹಾಲು ಬೆರೆಸಿದ ಹಸಿ ಮೊಟ್ಟೆ ಸುರಿದು, ಬಾಯಿ ಒತ್ತಿದ ಕ್ಷಣವೇ ಕುದಿಯುವ ನೀರಿಗೆ ಬಿಡಬೇಕು. ತೆಗೆದ ಕೂಡಲೇ ಮೇಲೆ ಮೊಸರು ಸುರಿದು ತಿನ್ನಬೇಕು. ತಡ ಮಾಡಿದರೆ ಅದು ತಿಂಡಿಯಲ್ಲ, ಚಪ್ಪಲಿಯ ಅಟ್ಟೆ.

ಬಂದವರೋ ನಮ್ಮ ಫೋಟೋ ಜನ. ತಟ್ಟೆ ಬಂತೆಂದರೆ ಮೇಲಿಂದ ಒಂದು, ಪಕ್ಕದಿಂದ ಒಂದು, ಮರದ ಜೊತೆ ಒಂದು. ಅನಾಜಾನಳಿಗೆ ಅದು ತಡೆಯುತ್ತಿರಲಿಲ್ಲ. ಒರೆಸುವ ಬಟ್ಟೆಯಿಂದ ಅವರ ಕೈಗೆ ಛಟೀರೆಂದು ಬಾರಿಸಿ, "ಬಾಯಿ ಎಲ್ಲಿದೆ ಗೊತ್ತಾ? ಅಲ್ಲಿಗೆ ಹಾಕು!" ಎಂದು ನಮ್ಮ ಭಾಷೆಯಲ್ಲೇ ಬೈಯುತ್ತಿದ್ದಳು. ಯಾವ ದೇಶದವರಿಗೂ ಅದು ಅರ್ಥವಾಗದೆ ಇರಲಿಲ್ಲ. ಅವಳ ಬಟ್ಟೆಯ ಸದ್ದು ಎದುರಿಗಿದ್ದ ನನ್ನ ಅಂಗಡಿಗೆ ಕೇಳಿಸಿದಾಗಲೆಲ್ಲ ನನಗೆ ಎಷ್ಟು ಸಮಾಧಾನವಾಗುತ್ತಿತ್ತು ಎಂದರೆ ಹೇಳತೀರದು.

ಆದರೂ ಗಿರಾಕಿ ಕಮ್ಮಿ. ಓಣಿಯ ತಲೆಯಲ್ಲಿ ಹೊಸದೊಂದು ದೊಡ್ಡ ಚಹಾಖಾನೆ ಎದ್ದು, ಫೋನು ಒತ್ತಿದರೆ ಅದರ ಹೆಸರೇ ಮೊದಲು ಬರುತ್ತಿತ್ತು. ರಿವ್ಯೂ ರಾಶಿ ರಾಶಿ, ಎಲ್ಲಕ್ಕೂ ಐದು ಸ್ಟಾರ್. ಬರೆದವರೆಲ್ಲ ಮಾಲೀಕನ ಭಾವಮೈದುನಂದಿರು. ಅವರಲ್ಲೊಬ್ಬ ಅಲ್ಲಿನ ಮೀನಿನ ಸಾರನ್ನು ಬಾಯಿ ತುಂಬ ಹೊಗಳಿದ್ದ. ಆ ಚಹಾಖಾನೆಯಲ್ಲಿ ಮೀನಿನ ಸಾರನ್ನು ಒಂದು ದಿನವೂ ಮಾಡಿದ್ದಿಲ್ಲ.

ಅನಾಜಾನಳ ಮಗಳು ಆ ರಿವ್ಯೂಗಳನ್ನೆಲ್ಲ ಮಾಮನಿಗೆ ಓದಿ ಹೇಳಿದಳು. ಆ ಹುಡುಗಿಯ ಹೆಸರು ನಜಾಕತ್. ಹೆಸರಿಗೆ ತಕ್ಕಂತೆ ನಾಜೂಕು, ಮಾತು ಮೆತ್ತಗೆ, ರಷ್ಯನ್ನು ಇಂಗ್ಲಿಷು ಎರಡೂ ನೀರು ಕುಡಿದ ಹಾಗೆ. ಮತ್ಯಾಕೂಬ್ ಪೂರ್ತಿ ಕೇಳಿಸಿಕೊಂಡು ನಕ್ಕ. "ಇವನು ಹಸು ಬಾಲ ಹಿಡ್ಕೊಂಡು ಕೂಗ್ತಿದಾನೆ," ಎಂದ.

ಮಾರನೆಯ ದಿನದಿಂದ ಬಾಗಿಲಲ್ಲಿ ಕುರ್ಚಿ ಹಾಕಿ ಕೂತ. ತಿಂದು ಹೊರಡುವವರ ಕೈ ಹಿಡಿದು ಕುಲುಕುತ್ತಾ ಸೋದರಸೊಸೆಯಿಂದ ಹೇಳಿಸುತ್ತಿದ್ದ: "ಚೆನ್ನಾಗಿತ್ತು ಅಂತ ಬರೀರಿ, ಬೇಡ ಅನ್ನಲ್ಲ. ಆದ್ರೆ ಒಂದು ಐಬು ಬರೀಲೇಬೇಕು. ನಿಜವಾದದ್ದು." ಬರೆಯುತ್ತೇನೆಂದು ಮಾತು ಕೊಡುವ ತನಕ ಕೈ ಬಿಡುತ್ತಿರಲಿಲ್ಲ. ಆ ಮನೆಯಲ್ಲಿ ಇದ್ದ ಐಬಾದರೂ ಯಾವುದು? ಎಲ್ಲರೂ ಅದನ್ನೇ ಬರೆದರು.

ಒಬ್ಬ ಫ್ರೆಂಚಿನವನು ಬರೆದ: "ಒಡತಿ ನನ್ನ ಕೈಗೆ ಬಟ್ಟೆಯಿಂದ ಹೊಡೆದಳು. ನನ್ನ ಅಜ್ಜಿ ತೀರಿಕೊಂಡ ಮೇಲೆ ಯಾರೂ ನನ್ನನ್ನು ಹೀಗೆ ಹೊಡೆದಿರಲಿಲ್ಲ. ಐದು ಸ್ಟಾರ್." ತಾಷ್ಕೆಂಟಿನ ಹುಡುಗಿಯೊಬ್ಬಳು: "ತಟ್ಟೆಯಲ್ಲಿ ಒಂದು ಬಿಟ್ಟು ಎದ್ದೆ. ಬೈಗುಳ ಕೋಟೆಯ ಬಾಗಿಲ ತನಕ ಹಿಂದೆಯೇ ಬಂತು. ವಾಪಸು ಹೋಗಿ ತಿಂದೆ." ಮತ್ಯಾಕೂಬ್ ಇವನ್ನೆಲ್ಲ ಹಲಗೆಯ ಮೇಲೆ ಬರೆಸಿ ಬಾಗಿಲಿಗೆ ತೂಗುಹಾಕಿದ. ಎಲ್ಲಕ್ಕಿಂತ ಮೇಲೆ ದಪ್ಪಗೆ: ಇಲ್ಲಿ ಬೈಯುತ್ತಾರೆ. ಆದರೂ ಬನ್ನಿ.

ಬಂದರು ನೋಡಿ! ಓಣಿಯಲ್ಲಿ ಕಾಲಿಡಲು ಜಾಗವಿಲ್ಲ. ಬೈಸಿಕೊಳ್ಳಲಿಕ್ಕೆಂದೇ ಬೇಕುಬೇಕೆಂದು ತಟ್ಟೆಯಲ್ಲಿ ಬಿಡುವವರು, ಹೊಡೆಸಿಕೊಂಡು ಖುಷಿಯಿಂದ ಕೈ ಸವರಿಕೊಳ್ಳುವವರು. ಅವರಲ್ಲಿ ಪಕ್ಕದ ಊರು ಉರ್ಗೆಂಚಿನ ಒಬ್ಬ ಹುಡುಗನೂ ಇದ್ದ. ಮದರಸಾದ ಗೋಡೆಗೆ ನೀಲಿ ಹೆಂಚು ಕೂರಿಸುವ ಕೆಲಸಕ್ಕೆ ಬಂದವನು. ದಿನಾ ಮಧ್ಯಾಹ್ನ ಬಂದು, ಬರಾಕನ್ನು ಆರಲು ಬಿಟ್ಟು, ನಜಾಕತಳನ್ನೇ ನೋಡುತ್ತಾ ಕೂತು, ಅವಳ ತಾಯಿಯಿಂದ ಯಥೇಚ್ಛವಾಗಿ ಬೈಸಿಕೊಂಡು ಹೋಗುತ್ತಿದ್ದ. ನಜಾಕತಳೂ ಅವನ ತಟ್ಟೆಯನ್ನು ಸ್ವಲ್ಪ ನಿಧಾನವಾಗಿಯೇ ತರುತ್ತಿದ್ದಳು. ಇದು ಓಣಿಗೆಲ್ಲ ಗೊತ್ತಿತ್ತು.

ಹುಡುಗನಿಗೆ ತಂದೆಯಿಲ್ಲ. ಅವನ ಮದುವೆಯ ವಿಷಯದಲ್ಲಿ ಸೋದರತ್ತೆ ಸಪರ್‌ಗುಲಳ ಮಾತೇ ಕೊನೆ. ಆಕೆ ಪದ್ಧತಿಯಂತೆ ಹುಡುಗಿಯ ಮನೆಯ ಬಗ್ಗೆ ವಿಚಾರಿಸಲು ಹೊರಟಿದ್ದಾಳೆ ಎಂದು ಸುದ್ದಿ ಬಂತು. ಮೊದಲಾದರೆ ಅಕ್ಕಪಕ್ಕದವರನ್ನು, ರೊಟ್ಟಿ ಸುಡುವವಳನ್ನು ಕೇಳುತ್ತಿದ್ದರು; ಈಗ ಮೊದಲು ಫೋನು. ಫೋನು ತೆಗೆದರೆ ಏನಿದೆ? ತಾಯಿ ಬೈಯುತ್ತಾಳೆ, ಹೊಡೆಯುತ್ತಾಳೆ, ಬೀದಿಯ ತನಕ ಅಟ್ಟಿಸಿಕೊಂಡು ಬರುತ್ತಾಳೆ. ತಾಯಿಯನ್ನು ಅಳೆದೇ ಮಗಳನ್ನು ತರುವ ಊರು ನಮ್ಮದು.

ಅವತ್ತು ಅನಾಜಾನ್ ಅಣ್ಣನ ಮೇಲೆ ಕೂಗಾಡಿದ್ದಕ್ಕೆ ನನ್ನ ಟೋಪಿಗಳು ಗೂಟದ ಮೇಲೆ ನಡುಗಿದವು.

"ನನ್ನ ನಾಲಿಗೇನ ಸಂತೇಲಿ ನೇತುಹಾಕಿದ್ಯಲ್ಲ ಅಕಾ! ಇರೋಳು ಒಬ್ಬಳು ಮಗಳು, ಅವಳ ಮದುವೆ ಮುರಿದ್ರೆ ಯಾರ ಕೈ ಹಿಡ್ಕೊಂಡು ಕುಲುಕ್ತೀಯ?"

ಮತ್ಯಾಕೂಬ್ ಎದ್ದುಹೋಗಿ ಹಲಗೆ ಇಳಿಸಿದ. ಅನಾಜಾನ್ ಇನ್ನು ಮೇಲೆ ಯಾರಿಗೂ ಬೈಯುವುದಿಲ್ಲ ಎಂದು ಆಣೆಯಿಟ್ಟಳು. ಇಟ್ಟಂತೆ ನಡೆದುಕೊಂಡಳು ಕೂಡ. ಜನ ಫೋಟೋ ಹೊಡೆಯುತ್ತಿದ್ದರೆ ಹಲ್ಲು ಕಚ್ಚಿಕೊಂಡು ನಗುತ್ತಿದ್ದಳು. ಆ ನಗು ನೋಡಿದರೆ ನನಗೇ ಭಯವಾಗುತ್ತಿತ್ತು. ಬರಾಕ್ ಅಟ್ಟೆಯಾಯಿತು, ರಿವ್ಯೂ ನೆಲ ಕಚ್ಚಿತು. "ಅಷ್ಟು ದೂರದಿಂದ ಬಂದೆವು. ಆಕೆ ಬೈಯಲೇ ಇಲ್ಲ. ಶುದ್ಧ ಮೋಸ. ಒಂದು ಸ್ಟಾರ್."

ನನಗೂ ಮತ್ಯಾಕೂಬನಿಂದ ಕಟ್ಟಪ್ಪಣೆಯಾಗಿತ್ತು. "ಯಾರಾದ್ರೂ ಹೆಂಗಸು ಬಂದು ನಮ್ಮನೆ ವಿಷಯ ಕೇಳಿದ್ರೆ ಬರೀ ಹೊಗಳು. ಐಬು ಗೀಬು ಅಂತ ಬಾಯಿ ಬಿಟ್ಟೀಯ, ಜೋಕೆ." ಜೀವಮಾನವಿಡೀ ಐಬು ಹೇಳಿ ಅನ್ನ ತಿಂದ ಮನುಷ್ಯ, ಸ್ವಂತ ತಂಗಿಯ ಮಗಳ ಮಾತು ಬಂದಾಗ ಬಾಲ ಹಿಡಿದು ಕೂಗಲು ಹೊರಟಿದ್ದ. ನನಗೆ ನಗು ಬಂತು, ಹಿಂದೆಯೇ ಅಯ್ಯೋ ಪಾಪ ಎಂದೂ ಅನ್ನಿಸಿತು.

ಸಪರ್‌ಗುಲ್ ಬಂದಳು. ಗಂಡನಿಗೆ ಟೋಪಿ ಬೇಕೆಂಬ ನೆವ ಮಾಡಿ, ತಾನೇ ಒಂದನ್ನು ತಲೆಗಿಟ್ಟುಕೊಂಡು ಕೇಳಿದಳು.

"ಎದುರುಗಡೆ ಮನೆಯವ್ರು ಹೇಗಪ್ಪಾ?"

"ಬಂಗಾರ, ಆಪಾ! ತಾಯಿ ಬಾಯಲ್ಲಿ ಜೇನು, ಮಗಳು ಹಾಲು."

"ಕೋಪ ಗೀಪ?"

"ಆ ಮಾತೇ ಗೊತ್ತಿಲ್ಲ ಅವ್ರಿಗೆ!"

"ಒಂದೂ ಐಬಿಲ್ವಾ?"

"ಹುಡುಕಿದ್ರೂ ಸಿಕ್ಕಲ್ಲ."

ಆಕೆ ಟೋಪಿಯೊಳಗಿಂದ ನನ್ನನ್ನು ದಿಟ್ಟಿಸಿದಳು. "ಹಾಗಾದ್ರೆ ದೊಡ್ಡದೇನೋ ಮುಚ್ಚಿಡ್ತಿದೀಯ," ಎಂದು ಟೋಪಿಯನ್ನು ವಾಪಸಿಟ್ಟು ನೇರ ಎದುರು ಮನೆಗೆ ನಡೆದಳು. ಅಂಗಡಿ ಹಾಗೇ ಬಿಟ್ಟು ಹಿಂದೆಯೇ ಹೋದೆ.

ಆಕೆ ಯಾರೆಂದು ಅನಾಜಾನಳಿಗೆ ಗೊತ್ತಿರಲಿಲ್ಲ. ಮಂಚದ ಮೇಲೆ ಕೂರಿಸಿ, ಜೇನಿನಂಥ ನಗು ನಕ್ಕು, ಹಬೆಯಾಡುವ ಬರಾಕ್ ತಂದಿಟ್ಟಳು. ಸಪರ್‌ಗುಲ್ ತಟ್ಟೆ ಮುಟ್ಟದೆ ಫೋನು ಕಿವಿಗಿಟ್ಟು ಗುಸುಗುಸು ಶುರು ಮಾಡಿದಳು. "ಬಂದಿದೀನಿ... ತುಂಬಾ ನಗ್ತಾಳೆ ಕಣೇ, ನನಗ್ಯಾಕೋ ಸರಿ ಕಾಣ್ತಿಲ್ಲ..." ಮೂಲೆಯಲ್ಲಿ ಕೂತ ಮತ್ಯಾಕೂಬನಿಗೆ ನಾನು ಕಣ್ಣಲ್ಲೇ ತಿಳಿಸಿದೆ, ಈಕೆಯೇ ಎಂದು. ಅವನು ತಂಗಿಗೆ ಕಣ್ಣು ಮಿಟುಕಿಸಿದ, ಕೆಮ್ಮಿದ, ಕೊನೆಗೆ ಊರುಗೋಲಿನಿಂದ ನೆಲ ಕುಟ್ಟಿದ. ಅನಾಜಾನಳ ಕಣ್ಣು ಮಾತ್ರ ತಟ್ಟೆ ಬಿಟ್ಟು ಕದಲಲಿಲ್ಲ. ಹಬೆ ಕಮ್ಮಿಯಾಗುತ್ತಿತ್ತು, ಮೊಸರು ಗಟ್ಟಿಯಾಗುತ್ತಿತ್ತು. ಅವಳ ಕೈಯಲ್ಲಿದ್ದ ಬಟ್ಟೆ ಸುತ್ತಿಕೊಂಡು ಸುತ್ತಿಕೊಂಡು ಹಗ್ಗವಾಯಿತು.

ಛಟೀರ್!

"ಏನಮ್ಮಾ, ಊಟಕ್ಕೆ ಬಂದ್ಯಾ ಹರಟೆಗೆ ಬಂದ್ಯಾ? ಬೆಳಗಿನಿಂದ ಕೈ ಸುಟ್ಕೊಂಡು ಮಾಡಿರೋದು, ಹೆಣದ ಹಾಗೆ ತಣ್ಣಗೆ ಮಾಡ್ಕೊಂಡು ತಿಂತಾಳಂತೆ!" ಫೋನು ಕಿತ್ತುಕೊಂಡು ಅದರೊಳಗಿದ್ದವಳಿಗೂ ಗದರಿದಳು. "ಇವಳು ತಿಂದಾದ್ಮೇಲೆ ಮಾತಾಡ್ತಾಳೆ. ನಿಂದು ಊಟ ಆಯ್ತಾ? ಇಲ್ವಾ? ಇಷ್ಟು ಹೊತ್ತಾದ್ರೂ ಇಲ್ವಾ? ಹೋಗು, ಮೊದ್ಲು ತಿನ್ನು ಹೋಗು!"

ಮತ್ಯಾಕೂಬ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅಡುಗೆಮನೆಯ ಬಾಗಿಲಲ್ಲಿ ನಜಾಕತ್ ಬಿಳಿಚಿಕೊಂಡು ನಿಂತಿದ್ದಳು. ಸಪರ್‌ಗುಲ್ ತಟ್ಟೆ ಖಾಲಿ ಮಾಡಿ, ದುಡ್ಡಿಟ್ಟು ಹೊರಟುಹೋದಳು. ಬಂದದ್ದು ಯಾರೆಂದು ತಿಳಿದ ಮೇಲೆ ಅನಾಜಾನ್ ಆ ಬಟ್ಟೆಯನ್ನೇ ಮುಖಕ್ಕೆ ಒತ್ತಿಕೊಂಡು ಅತ್ತಳು. ನಾಲ್ಕು ದಿನ ಬಾಗಿಲು ತೆರೆಯಲಿಲ್ಲ. ಆ ನಿಶ್ಶಬ್ದದಲ್ಲಿ ಟೋಪಿ ಹೊಲಿಯುವುದು ಬೇಜಾರಾಗಿತ್ತು ನನಗೆ.

ಐದನೆಯ ದಿನ ಸಪರ್‌ಗುಲ್ ಮತ್ತೆ ಬಂದಳು. ತಲೆಯ ಮೇಲೆ ಬಟ್ಟೆ ಮುಚ್ಚಿದ ಬುಟ್ಟಿ, ಬುಟ್ಟಿಯಲ್ಲಿ ಸಂಬಂಧ ಕುದುರಿದಾಗ ಮುರಿಯುವ ದೊಡ್ಡ ರೊಟ್ಟಿ. ಅನಾಜಾನ್ ನಿಂತಲ್ಲೇ ಕಲ್ಲಾದಳು. ಓಣಿಯ ಹಿರಿಯನೆಂದು ನನ್ನನ್ನೂ ಕರೆದು ಕೂರಿಸಿದರು.

"ಫೋನಲ್ಲಿ ನೋಡಿದ್ರೆ ಬೈತಾಳೆ ಅಂತಿತ್ತು, ಇಲ್ಲಿ ಬಂದ್ರೆ ಬರೀ ಹೊಗಳಿಕೆ ಕೇಳಿ ಕೇಳಿ ಹೆದರಿಬಿಟ್ಟಿದ್ದೆ," ಎಂದಳು ಸಪರ್‌ಗುಲ್, ನನ್ನತ್ತ ಒಂದು ಕೆಟ್ಟ ನೋಟ ಬೀರಿ. "ನೀನು ಬೈದ್ಮೇಲೆ ಜೀವ ಬಂತು ನೋಡಮ್ಮಾ. ಅವತ್ತು ಫೋನಲ್ಲಿದ್ದೋಳು ಹುಡುಗನ ತಾಯಿ. ನನ್ನ ತಮ್ಮ ಹೋದಾಗಿಂದ ಸರಿಯಾಗಿ ಉಂಡೇ ಇಲ್ಲ ಅವಳು. ನಾವೆಲ್ಲ ಪಾಪ ಪಾಪ ಅಂತ ಬೇಡ್ಕೊಂಡಿದ್ದೇ ಬಂತು. ಅವತ್ತು ಬೈಸ್ಕೊಂಡು ಹೋಗಿ, ಕೂತು, ಹೊಟ್ಟೆ ತುಂಬ ಉಂಡ್ಲು."

ಅನಾಜಾನಳ ಕಣ್ಣು ತುಂಬಿತು. ರೊಟ್ಟಿಯ ಒಂದು ಬದಿಯನ್ನು ಸಪರ್‌ಗುಲ್ ಹಿಡಿದಳು, ಇನ್ನೊಂದನ್ನು ಹುಡುಗಿಯ ಕಡೆಯ ಗಂಡಸಾಗಿ ಮತ್ಯಾಕೂಬ್. ಜೀವಮಾನದಲ್ಲಿ ಮೊದಲ ಸಲ ಅವನು ನಡುವಿನವನಾಗಿರಲಿಲ್ಲ. ಮುರಿಯಬೇಕು ಎನ್ನುವಾಗ ಸಪರ್‌ಗುಲ್ ಕೈ ತಡೆದಳು.

"ನಿಮ್ಮ ಸುದ್ದಿ ಸಂತೆಯಲ್ಲೆಲ್ಲ ಕೇಳಿದೀನಿ, ಅಕಾ. ತಾಯಿ ಐಬು ನನ್ನ ಕೈ ಮೇಲೆ ಬಿದ್ದು ಗೊತ್ತಾಯ್ತು. ಹುಡುಗಿದು ಒಂದು ಹೇಳಿ. ಇಲ್ದಿದ್ರೆ ಮುರಿಯಲ್ಲ."

ಮತ್ಯಾಕೂಬ್ ಬಾಯಿ ತೆರೆದ. ಯಾವ ಹಸು ಯಾವ ಕಾಲಲ್ಲಿ ಒದೆಯುತ್ತಿತ್ತೆಂದು ಇವತ್ತಿಗೂ ಹೇಳಬಲ್ಲವನು. ಬಾಯಿ ಮುಚ್ಚಿದ. ಮರದ ಕಡೆ ನೋಡಿದ, ನನ್ನ ಕಡೆ ನೋಡಿದ.

"ಅವಳದು..." ಎಂದ. "ಅವಳು ಚಿಕ್ಕೋಳಿದ್ದಾಗ..." ಎಂದ. ಕೊನೆಗೆ, "ಸಿಕ್ತಿಲ್ಲಮ್ಮಾ," ಎಂದ. ಕಣ್ಣಿನ ನೀರು ರೊಟ್ಟಿಯ ಮೇಲೆ ಬಿತ್ತು. ಅಷ್ಟು ಸೋತ ದಲ್ಲಾಳಿಯನ್ನು ನಾನು ಕಂಡಿರಲಿಲ್ಲ.

ಸಪರ್‌ಗುಲ್ ರೊಟ್ಟಿ ಹಿಡಿದುಕೊಂಡೇ ಕಾಯುತ್ತಿದ್ದಳು. ಆಗ ಅಡುಗೆಮನೆಯ ಪರದೆಯ ಹಿಂದಿನಿಂದ, ಮಾತು ಮೆತ್ತಗಿದ್ದ ನಮ್ಮ ನಜಾಕತಳ ದನಿ, ಅಕ್ಷರಶಃ ಅವಳ ತಾಯಿಯದೇ ದನಿ, ಸಿಡಿಲಿನಂತೆ ಬಂತು:

"ಮಾಮಾ! ಯಾವುದಾದ್ರೂ ಒಂದು ಬೇಗ ಹೇಳಿ ಮುಗಿಸು! ಬರಾಕ್ ಆರ್ತಿದೆ!"

ಸಪರ್‌ಗುಲ್ ಗಹಗಹಿಸಿ ನಕ್ಕಳು. "ಸಾಕು ಬಿಡಿ ಅಕಾ, ಕೇಳಿಸ್ತು," ಎಂದು ರೊಟ್ಟಿ ಮುರಿದಳು.