ಕೊಟ್ರಬಸಪ್ಪನ ಅಸೆಂಬ್ಲರೂ ಅವ್ವನ ಸಹಿಯೂ

ಭದ್ರಾವತಿ ನ್ಯೂಟೌನಿನ ಕ್ವಾರ್ಟರ್ಸಿನಲ್ಲಿ ಎಲೆಕ್ಟ್ರಿಷಿಯನ್ ಕೊಟ್ರಬಸಪ್ಪನನ್ನು ಅರಿಯದವರಿಲ್ಲ. ಫ್ಯೂಸ್ ಹೋಯಿತೆಂದು ಕರೆದರೆ ಖಂಡಿತ ಬರುತ್ತಾನೆ. ಆದರೆ ಯಾವ ಸ್ಕ್ರೂಡ್ರೈವರ್ ತರುವುದೆಂದು ಅವನು ತೀರ್ಮಾನಿಸುವಷ್ಟರಲ್ಲಿ ನೀವು ಮೇಣದಬತ್ತಿಯಲ್ಲೇ ಊಟ ಮುಗಿಸಿರುತ್ತೀರಿ.

೧೯೯೩ರಲ್ಲಿ ವರ್ಗವಾಗಿ ಹೊರಟ ಸಾಹೇಬರೊಬ್ಬರು ತಮ್ಮ ಹಳೇ ಹೋಮ್ ಕಂಪ್ಯೂಟರನ್ನು ಕ್ಯಾಸೆಟ್ಟು, ಕೈಪಿಡಿಗಳ ಸಮೇತ ಇವನಿಗೆ ಕೊಟ್ಟುಹೋದರು. ಪುಸ್ತಕದಷ್ಟು ಗಾತ್ರದ ಕೀಲಿಮಣೆಯೇ ಇಡೀ ಕಂಪ್ಯೂಟರು. ಟಿವಿಗೆ ಜೋಡಿಸಬೇಕು, ಪ್ರೋಗ್ರಾಮುಗಳನ್ನು ಟೇಪ್ ರೆಕಾರ್ಡರಿನಿಂದ ತುಂಬಬೇಕು. ಅದೇ ಹೊತ್ತಿಗೆ ಅವನ ತಾಯಿ ಉಚ್ಚಂಗಮ್ಮನನ್ನು ಮಹಿಳಾ ಸಂಘದ ಅಧ್ಯಕ್ಷೆ ಮಾಡಿದರು. ಮುಂದಿನ ತಿಂಗಳ ಸಭೆಯಲ್ಲಿ ರಿಜಿಸ್ಟರಿಗೆ ಸಹಿ ಹಾಕಬೇಕು.

“ಎಲ್ರೆದುರು ಹೆಬ್ಬೆಟ್ಟು ಒತ್ತಲ್ಲ ಕಣೋ, ನನ್ ಹೆಸ್ರು ಬರೆಯೋದು ಕಲ್ಸು” ಎಂದು ಮುದುಕಿ ಹಟ ಹಿಡಿದಳು.

“ಟಿವೀಲೇ ಬರೆದು ತೋರಿಸ್ತೀನಿ, ಸುಮ್ನಿರವ್ವ” ಎಂದ ಮಗರಾಯ.

ಅಲ್ಲಿಗೆ ಶುರುವಾಯಿತು ನೋಡಿ! ಮಿಷನ್ನಿಗೆ ಕನ್ನಡ ಬಾರದು, ಅಕ್ಷರವನ್ನು ಚುಕ್ಕೆ ಚುಕ್ಕೆಯಾಗಿ ಬಿಡಿಸಬೇಕು. ಒಳಗೇ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆ ಇತ್ತು, ಸ್ವಿಚ್ ಹಾಕಿದರೆ ಸಿದ್ಧ. ಆದರೆ ಅದು ಆಮೆಯೆಂದು ಕೊಟ್ರಬಸಪ್ಪನಿಗೆ ತಾತ್ಸಾರ. ಕ್ಯಾಸೆಟ್ಟಿನಿಂದ ತುಂಬಬೇಕಾದ ಇನ್ನೊಂದು ಭಾಷೆ ಪ್ಯಾಸ್ಕಲ್ ಶಿಸ್ತಿನದು, ಆದರೆ ಅದನ್ನು ತುಂಬಿದರೆ ಮೆಮೊರಿಯಲ್ಲಿ ಬೇರೆಯದಕ್ಕೆ ಜಾಗವೇ ಉಳಿಯದು. ಮಿಷನ್ನಿನದೇ ಭಾಷೆಗೆ ಹತ್ತಿರವಾದ ಅಸೆಂಬ್ಲರಿನಲ್ಲಿ ಬರೆದರೆ ಕಣ್ಣು ಮಿಟುಕಿಸುವುದರಲ್ಲಿ ಹೆಸರು ಮೂಡುತ್ತದೆ. ಆದರೆ ಒಂದು ಕಡೆ ತಪ್ಪಿದರೆ ಮಿಷನ್ನೇ ಸ್ತಬ್ಧ, ಮತ್ತೆ ಕ್ಯಾಸೆಟ್ ಹಾಕಿ ಪ್ರೋಗ್ರಾಮು ತುಂಬುವ ತನಕ ಐದು ನಿಮಿಷ ಕೀಂಯ್ ಸದ್ದು ಕೇಳಬೇಕು. ನೋಟುಬುಕ್ಕಿನಲ್ಲಿ ಗೆರೆ ಎಳೆದು ಮೂರರ ಗುಣದೋಷ ಬರೆದ. ಇಪ್ಪತ್ತು ದಿನ ಬರೆದ. ಅವ್ವನ ಹೆಸರೊಂದನ್ನು ಬಿಟ್ಟು ಎಲ್ಲವನ್ನೂ ಬರೆದ, ಪುಣ್ಯಾತ್ಮ!

ಕೊನೆಗೆ ಅಸೆಂಬ್ಲರೇ ಎಂದು ನಿಶ್ಚಯವಾಯಿತು. ಹಾಗಂತ ಕೂತು ಬರೆದನೇ? ಎಲ್ಲಿ ಬಂತು! ಅಸೆಂಬ್ಲರಿನ ಕ್ಯಾಸೆಟ್ ಸವೆದರೆ ಏನು ಗತಿ ಎಂದು, ಇನ್ನೊಂದು ಕಾಪಿ ಮಾಡಿಸಲು ಶಿವಮೊಗ್ಗದ ಬಸ್ಸು ಹತ್ತಿದ. ಗಾಂಧಿ ಬಜಾರಿನಲ್ಲಿ ಕ್ಯಾಸೆಟ್ಟಿಗೆ ಹಾಡು ತುಂಬಿಕೊಡುವ ಸುಬ್ಬಪ್ಪನ ಕೈಗೆ ಅದನ್ನು ಕೊಟ್ಟುಬಂದ. ಸಭೆಗೆ ಮೂರು ದಿನವಿದ್ದಾಗ ಹೋಗಿ ಕೇಳಿದರೆ ಸುಬ್ಬಪ್ಪ ದೊಡ್ಡ ಉಪಕಾರ ಮಾಡಿದವನಂತೆ ನಕ್ಕ.

“ನಿಮ್ ಕ್ಯಾಸೆಟ್ ಪೂರ್ತಿ ಹಾಳಾಗಿತ್ತು ಮಾರಾಯ್ರೇ, ಬರೀ ಕೀಂಯ್ ಅಂತಿತ್ತು. ಅದ್ರ ಮೇಲೇ ಒಳ್ಳೊಳ್ಳೆ ವಚನ ತುಂಬ್ಸಿದೀನಿ.”

ಕೊಟ್ರಬಸಪ್ಪ ಆ ವಚನದ ಕ್ಯಾಸೆಟ್ಟನ್ನೇ ಜೇಬಿಗೆ ಹಾಕಿಕೊಂಡು ಬಸ್ಸು ಹತ್ತಿದ. ಬಸ್ಸಿನುದ್ದಕ್ಕೂ ಅವ್ವನ ಮುಖ ಕಣ್ಣಿಗೆ ಕಟ್ಟಿ, ತನ್ನ ಮೇಲೆ ತನಗೇ ನಾಚಿಕೆಯಾಯಿತು. ಮನೆಗೆ ಬಂದವನೇ ಶರ್ಟೂ ಬದಲಿಸದೆ ಆ ಆಮೆ ಬೇಸಿಕ್ಕಿನ ಮುಂದೆ ಕೂತ. ಸಂಜೆ ಕಾಫಿಯ ಹೊತ್ತಿಗೆ ಕೆಲಸ ಮುಗಿದಿತ್ತು.

ಟಿವಿಯಲ್ಲಿ ಒಂದು ಚುಕ್ಕೆ ಮೂಡಿತು. ಸಾವಕಾಶವಾಗಿ ಪಕ್ಕದಲ್ಲಿ ಇನ್ನೊಂದು. ಗೆರೆ ತೆವಳುತ್ತ ಬಾಗಿ ‘ಉ’ ಆಗುತ್ತಿದ್ದಂತೆ, ಉಚ್ಚಂಗಮ್ಮ ಸ್ಲೇಟಿನ ಮೇಲೆ ಅದರ ಹಿಂದೆಯೇ ಬಳಪ ಎಳೆದಳು. ‘ಚ’ ಬಂತು, ಅದರಡಿ ಒತ್ತು ಬಂತು, ಇವಳೂ ಬಿಡಲಿಲ್ಲ.

“ಇನ್ನೊಂದ್ಸಲ ಹಾಕು” ಎಂದಳು. ಮೂರು ದಿನ ಆ ಮನೆಯ ಟಿವಿಯಲ್ಲಿ ಬೇರೇನೂ ಬರಲಿಲ್ಲ.

ಸಭೆಯಲ್ಲಿ ಅವಳು ಸಹಿ ಹಾಕಿ ಮುಗಿಸುವಷ್ಟರಲ್ಲಿ ಎಲ್ಲರ ಟೀ ಆರಿಹೋಗಿತ್ತು. ಹೆಂಗಸರೆಲ್ಲ ಉಸಿರು ಬಿಗಿಹಿಡಿದು ಅವಳ ಪೆನ್ನನ್ನೇ ನೋಡುತ್ತಿದ್ದರು.

ಮನೆಗೆ ಮರಳುವಾಗ ಕೊಟ್ರಬಸಪ್ಪ ಅಳುಕುತ್ತಲೇ ಬಾಯಿಬಿಟ್ಟ. “ಟಿವೀಲಿ ಬರೋದು ತುಂಬಾ ನಿಧಾನ ಆಯ್ತಲ್ವೇನವ್ವ? ಇನ್ನೊಂದು ಅಸೆಂಬ್ಲರ್ ತರಿಸ್ತೀನಿ. ಆಗ ನಿನ್ ಹೆಸ್ರು ಪಟ್ ಅಂತ ಬರುತ್ತೆ.”

“ಪಟ್ ಅಂತ ಬಂದಿದ್ರೆ ನಾನು ಕಲೀತಿದ್ನೇನೋ? ಇಷ್ಟು ವರ್ಷ ಎಲ್ರೂ ನಂಗೆ ಬರೆದಿದ್ದನ್ನ ತೋರಿಸಿದ್ರು ಮಗಾ. ಬರೆಯೋದನ್ನ ತೋರಿಸಿದ್ದು ಇದೊಂದೇ.”