ಸೈಕಲ್ ಬಾಬುಸಾಬನ ಮುಲಾಜು

ಸಿಂಧನೂರಿನ ಸೈಕಲ್ ಬಾಬುಸಾಬನಂಥ ಒಳ್ಳೆಯ ಮನುಷ್ಯ ಇನ್ನೊಬ್ಬನಿಲ್ಲ ಎನ್ನುತ್ತಾರೆ. ಇರಲಿ. ಒಳ್ಳೆಯವರಿಗೂ ಒಂದು ಕೆಟ್ಟ ರೋಗವಿರುತ್ತದೆ, ಮುಲಾಜು. ಬೇಕಾದವರು ಕೇಳಿದರೆ ಇಲ್ಲ ಎನ್ನಲು ನಾಲಿಗೆಯೇ ಏಳುವುದಿಲ್ಲ.

ಮೀಸೆ ಮೂಡುವ ಮೊದಲೇ ಪಾನಾ ಹಿಡಿದು ಸೈಕಲ್ ರಿಪೇರಿಗೆ ಕೂತವನು. ಒಂದು ಕಾಲಕ್ಕೆ ಮಸ್ಕಿ, ಬಳಗಾನೂರಿನ ಸೈಕಲ್‌ಗಳೂ ಅವನನ್ನೇ ಹುಡುಕಿಕೊಂಡು ಬರುತ್ತಿದ್ದವು. ಈಗ ಬರುವವರು ಕಡಿಮೆ, ಅವರಲ್ಲಿ ಕನಕಮ್ಮನೊಬ್ಬಳು. ಗಂಡ ತೀರಿಕೊಂಡ ಮೇಲೆ ಆಸ್ಪತ್ರೆಯೊಂದರಲ್ಲಿ ಕಸ ಗುಡಿಸುವ ಕೆಲಸ ಹಿಡಿದವಳಿಗೆ ಸೈಕಲ್ ಕಲಿಸಿದವನೇ ಇವನು. ಭತ್ತದ ಲಾರಿಗಳ ನಡುವೆ ಜೀವ ಕೈಯಲ್ಲಿ ಹಿಡಿದು ಹೋಗುತ್ತಿದ್ದಳು. ರಸ್ತೆಯ ಅಂಚಿಗೆ ಬಿಳಿ ಗೆರೆ ಎಳೆದು ಸೈಕಲ್ ಹಾದಿ ಮಾಡಿದ ಮೇಲೆ ನಿರಾಳವಾದಳು.

ಅಂಗಡಿಯವರು ಸುಮ್ಮನಿರಬೇಕಲ್ಲ! ಗಿರಾಕಿಗಳ ಬೈಕ್ ನಿಲ್ಲಿಸಲು ಜಾಗವಿಲ್ಲ, ಹಾದಿ ತೆಗೆಸಿ ಎಂದು ಗದ್ದಲ ಎಬ್ಬಿಸಿದರು. ಮುಂದಾಳು ಇವನ ಪಕ್ಕದ ಬಟ್ಟೆ ಅಂಗಡಿಯ ಪಂಪಾಪತಿ. ಬಾಬುಸಾಬನ ಹೆಂಡತಿ ಆಸ್ಪತ್ರೆಯಲ್ಲಿದ್ದಾಗ ದಿನಾ ಬುತ್ತಿ ಕಳಿಸಿದ್ದವನು. ನಮ್ಮ ಪರವಾಗಿ ಒಂದು ಮಾತು ಹೇಳು ಸಾಕು ಎಂದು ಕೈ ಹಿಡಿದ. ನಗರಸಭೆಯ ಸಾಹೇಬರು ಕರೆದ ಸಭೆಯಲ್ಲಿ ವಾದ ಜೋರಾಗಿ, ಅವರು ಕೊನೆಗೆ ಇವನತ್ತಲೇ ತಿರುಗಿದರು. ಸೈಕಲ್‌ನವನಿಗಿಂತ ದೊಡ್ಡ ಸಾಕ್ಷಿ ಯಾರು? ಈ ಪುಣ್ಯಾತ್ಮ ಎದ್ದು ನಿಂತು, ಆ ಹಾದಿಯಲ್ಲಿ ಸೈಕಲ್ ಓಡಾಡುವುದೇ ಇಲ್ಲ ಎಂದುಬಿಟ್ಟ. ಕೆಲವೇ ದಿನಗಳಲ್ಲಿ ಗೆರೆ ಅಳಿಸಿದರು.

ಅಂದಿನಿಂದ ಅವನಿಗೆ ಅನ್ನ ಸೇರಲಿಲ್ಲ. ಕನಕಮ್ಮ ಹಾದುಹೋಗುವ ಹೊತ್ತಿಗೆ ತಲೆ ಬಗ್ಗಿಸಿ, ಇಲ್ಲದ ಪಂಕ್ಚರ್ ಹುಡುಕುತ್ತಿದ್ದ.

ಮೊನ್ನೆ ಅವಳು ಸೈಕಲ್ ತಳ್ಳಿಕೊಂಡು ಬಂದಳು. ಮೊಣಕೈಗೆ ಪಟ್ಟಿ ಕಟ್ಟಿತ್ತು. ಟ್ರ್ಯಾಕ್ಟರೊಂದು ಸವರಿಕೊಂಡು ಹೋಗಿತ್ತಂತೆ. ಇನ್ನು ತುಳಿಯುವ ಧೈರ್ಯವಿಲ್ಲ, ಮಾರಿಕೊಡಿ ಎಂದಳು. ನಡೆದು ಹೋದರೆ ಹೊತ್ತಾಗುತ್ತದೆ, ಹೊತ್ತಾದರೆ ಕೆಲಸ ಉಳಿಯುವುದಿಲ್ಲ ಎಂದೂ ಹೇಳಿದಳು. ಬಾಬುಸಾಬನಿಗೆ ತಡೆಯಲಾಗಲಿಲ್ಲ.

“ತಪ್ಪು ನಂದವ್ವಾ. ದಿನಾ ನೀ ಹೋಗೋದು ನೋಡೀನಿ. ನೋಡಿನೂ ಸಭಾದಾಗ ಸುಳ್ಳು ಹೇಳೀನಿ.”

ಕನಕಮ್ಮ ಬೈಯಲಿಲ್ಲ. ಬೈದಿದ್ದರೆ ಅವನಿಗೂ ಹಗುರಾಗುತ್ತಿತ್ತೇನೋ.

“ನನಗ್ಯಾಕ ಹೇಳ್ತೀರಿ ಕಾಕಾ? ಆ ಸಾಹೇಬರಿಗೆ ಹೇಳ್ರಿ.”

ಹೇಳಿಯೇ ಬಿಡುತ್ತೇನೆ ಎಂದು ಮೇಲೆದ್ದ, ಹೆಗಲ ವಸ್ತ್ರ ಕೊಡವಿದ. ಅಷ್ಟರಲ್ಲಿ ಪಂಪಾಪತಿಯೇ ತನ್ನ ಅಂಗಡಿಯಿಂದ ಇಣುಕಿ, ಚಾ ತರಿಸಿದ್ದೇನೆ ಬಾ ಎಂದು ಕರೆದ. ಬಾಬುಸಾಬ್ ಒಮ್ಮೆ ಅವಳ ಮುಖ ನೋಡಿದ. ಆಮೇಲೆ, ಬಂದೆ ಎಂದು ಕೂಗಿ, ಚಾ ಕುಡಿಯಲು ಹೋದ.