ನಾಸಿರ ತಿರುಗಿಸಿಟ್ಟ ಮಣ್ಣು

ರಾಮದುರ್ಗದ ನಾಸಿರ ನನ್ನ ಬೋರ್‌ವೆಲ್ ಗಾಡಿಯ ಮೇಲೆ ಮೀಸೆ ಮೂಡುವ ಮೊದಲಿನಿಂದ ದುಡಿದವನು. ಕೊನೆಗೆ ಮೇಲೆ ಬಂದ, ಎಂದರೆ ಎಲ್ಲಕ್ಕಿಂತ ಆಳದ ಮಣ್ಣನ್ನು ಹೊಲದ ಯಜಮಾನನ ಕಾಲ ಹತ್ತಿರ ಹಾಕುವುದು ಅವನ ರೂಢಿ. ನೀರಿನ ಸುಳಿವು ಅದರಲ್ಲೇ ಅಲ್ಲವೇ?

ಈ ಬೇಸಿಗೆಯಲ್ಲಿ ಭೂಮಿಯ ವಿಷಯ ಓದುವ ಸ್ನೇಹಲ್ ಬಂದಳು. ಅವಳಿಗೆ ನೀರು ಬೇಡ, ಮಣ್ಣು ಬೇಕು. ಮಲಪ್ರಭೆಯ ದಂಡೆಯಲ್ಲಿ ಕೊಳವೆ ಇಳಿಸಿ, ಮಣ್ಣನ್ನು ಕದಡದೆ ಎತ್ತಿ, ಉದ್ದನೆಯ ಪೆಟ್ಟಿಗೆಯಲ್ಲಿಡಬೇಕು. ಕೆಂಪು ಗುರುತಿನ ತುದಿಗೆ ಮೇಲಿನ ಮಣ್ಣು, ಇನ್ನೊಂದು ತುದಿಗೆ ಆಳದ್ದು.

"ನಾಸಿರಣ್ಣ, ಪಡುವಣ ಗುಡ್ಡ ಎದ್ದಾಗ ಹೊಳಿ ಜೋರಾಗಿ ಹರಳು ತಂದು ಹಾಕಿರತೈತಿ. ತಗ್ಗಿದ್ದಾಗ ಬರೇ ಕೆಸರು. ಯಾವ್ದರ ಮ್ಯಾಲ ಯಾವ್ದೈತಿ ಅಂತ ನೋಡಿ ಗುಡ್ಡದ ವಯಸ್ಸು ಹುಡುಕತೇವಿ."

"ಗುಡ್ಡಕ್ಕೂ ಆಧಾರ್ ಕಾರ್ಡ್ ಮಾಡಸ್ತೀರೇನ್ರಿ?" ನಾಸಿರ ನಕ್ಕ.

ಒಂದು ದಿನ ಅವಳು ಜ್ವರದಿಂದ ಊರಲ್ಲೇ ಉಳಿದಳು. ನಾನು "ಲಗೂ ಇಡಲೇ!" ಎಂದು ಒದರುತ್ತಿದ್ದೆ. ನಾಸಿರನ ಕೈ ಹಳೆಯ ರೂಢಿಗೆ ಬಿತ್ತು. ಆಳದ ಮಣ್ಣು ಹತ್ತಿರದ ತುದಿಗೆ, ಕೆಂಪು ಗುರುತಿನ ಕಡೆ ಹೋಯಿತು. ತಪ್ಪು ಅವನಿಗೆ ತಿಳಿಯುವಷ್ಟರಲ್ಲಿ ಕೆಲವು ಪೆಟ್ಟಿಗೆ ಸರಿ, ಕೆಲವು ತಿರುವುಮುರುವು. ಅವನು ಯಾರಿಗೂ ಹೇಳಲಿಲ್ಲ.

ಮರುದಿನ ಸ್ನೇಹಲ್ ಪೆಟ್ಟಿಗೆ ನೋಡಿ ಕುಣಿದಳು. "ಹರಳು ಕೆಳಗ, ಕೆಸರು ಮ್ಯಾಲ! ಗುಡ್ಡ ನಾವು ತಿಳಕೊಂಡಿದ್ದಕ್ಕಿಂತ ಭಾಳ ಮೊದಲ ಎದ್ದೈತಿ!" ತನ್ನ ಪ್ರೊಫೆಸರಿಗೆ ಅಲ್ಲಿಂದಲೇ ಫೋನ್ ಮಾಡಿದಳು. ನಾಸಿರನ ಕೈಯಲ್ಲಿದ್ದ ಚಹಾ ಆರಿಹೋಯಿತು. ಆಮೇಲೆ ಅವನು ನಮ್ಮೊಂದಿಗೆ ಊಟಕ್ಕೂ ಕೂರಲಿಲ್ಲ.

ಪೆಟ್ಟಿಗೆಗಳನ್ನು ಟೆಂಪೋಗೆ ಏರಿಸುವ ಹೊತ್ತಿಗೆ ಅಡ್ಡ ನಿಂತ.

"ಮೇಡಂರೀ, ಆ ಗುಡ್ಡ ಎಬ್ಬಿಸಿದಾಂವ ನಾನ."

"ಏನಂದ್ರಿ?"

"ನೀವಿಲ್ಲದ ದಿನ ಮಣ್ಣು ಉಲ್ಟಾ ಇಟ್ಟೇನ್ರಿ. ಯಾವ ಪೆಟಗಿ ಸರಿ, ಯಾವ್ದು ತಪ್ಪು, ಖುದಾನ ಆಣಿ, ನನಗ ಗೊತ್ತಾಗವಲ್ದು."

ನಾನು ಕೈ ಎತ್ತಿಕೊಂಡೇ ಹೋದೆ. "ಮೊದಲ ಬೊಗಳಾಕ ಏನಾಗಿತ್ತಲೇ ನಿನಗ?"

"ನೀವು ಹಿಂಗ ಮೈಮ್ಯಾಲ ಬರ್ತೀರಂತ, ಅಣ್ಣಾ."

ಎತ್ತಿದ ಕೈಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

ಸ್ನೇಹಲ್ ಬದುವಿನ ಮೇಲೆ ಕುಳಿತುಬಿಟ್ಟಳು. ಹರಳು ಶುರುವಾಗುವ ಜಾಗ ಇದ್ದದ್ದು ಆ ದಿನದ ಮಣ್ಣಿನಲ್ಲೇ. "ಸರ್ ಎಲ್ಲಾರಿಗೂ ಹೇಳಿರತಾರ," ಎಂದು ಮತ್ತೆ ಫೋನ್ ಕಿವಿಗೆ ಹಿಡಿದಳು. ನಾನು ಯಾರೂ ಹೇಳದೆ ಗಾಡಿ ತಿರುಗಿಸಿ, ಹಳೆಯ ಕುಳಿಯ ಪಕ್ಕಕ್ಕೆ ನಿಲ್ಲಿಸಿದೆ.

ಈಗ ಹೊಸ ಕೊಳವೆ ಇಳಿಯುತ್ತಿದೆ. ನಾಸಿರ ಪ್ರತಿ ತುಂಡು ಎತ್ತಿದಾಗಲೂ "ತಲಿ ಯಾವ ಕಡೇರಿ?" ಎಂದು ಅವಳನ್ನು ಕೇಳುತ್ತಾನೆ. ಗೊತ್ತಿದ್ದೂ ಕೇಳುತ್ತಾನೆ. ಮುಖ ಮಾತ್ರ ಎತ್ತುವುದಿಲ್ಲ.